ಬಾಗಿಲಿಗೆ ಕೆಂಪು ಬಟ್ಟೆ

ಎರ್ರಗುಟ್ಟಹಳ್ಳಿಯಲ್ಲಿ ಯಾರನ್ನಾದರೂ ನಿಲ್ಲಿಸಿ "ಹುಳ ಹೇಗಿದಾವೆ?" ಎಂದು ಕೇಳಿ ನೋಡಿ. "ಪರವಾಗಿಲ್ಲ" ಎನ್ನುತ್ತಾರೆ. ಬಂಗಾರದಂಥ ಬೆಳೆ ಕೈಗೆ ಬರುವಂತಿದ್ದರೂ ಪರವಾಗಿಲ್ಲ, ಹುಳವೆಲ್ಲ ಹಾಲುರೋಗಕ್ಕೆ ಕರಗಿ ತಿಪ್ಪೆ ಸೇರುತ್ತಿದ್ದರೂ ಪರವಾಗಿಲ್ಲ. ಚೆನ್ನಾಗಿದೆ ಎಂದರೆ ಕಣ್ಣು ಬೀಳುತ್ತದೆ, ಕೆಟ್ಟಿದೆ ಎಂದರೆ ನೆರೆಯವರು ದೂರ ಇಡುತ್ತಾರೆ. ಹಾಲುರೋಗವೆಂದರೆ ರೇಷ್ಮೆಹುಳುವಿಗೆ ಬರುವ ವೈರಸ್ ಕಾಯಿಲೆ. ಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ನೀರು ಸುರಿಸಿ ಸಾಯುತ್ತದೆ. ಆ ನೀರು ಮುಟ್ಟಿದ ಕೈ, ಕಾಲು, ಸೊಪ್ಪು, ಬುಟ್ಟಿ ಎಲ್ಲವೂ ರೋಗವನ್ನು ಪಕ್ಕದ ಮನೆಗೆ ಒಯ್ಯುತ್ತವೆ. ಒಬ್ಬರು ಮುಚ್ಚಿಟ್ಟರೆ ಬೀದಿಯೇ ಮುಳುಗುತ್ತದೆ. ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಅಜ್ಜಂದಿರ ಕಾಲದಿಂದ ಮುಚ್ಚಿಡುತ್ತಲೇ ಬಂದಿದ್ದಾರೆ. ಬುದ್ಧಿ ಇಲ್ಲದವರೇನಲ್ಲ. ಆದರೆ ನಾಲ್ಕು ಜನ ಏನಂದಾರು ಎಂಬುದು ಬುದ್ಧಿಗಿಂತ ಗಟ್ಟಿ.

ಮುನಿಲಕ್ಷ್ಮಿ ಇಂಥ ಊರಿಂದ ಜಿಂಬಾಬ್ವೆಗೆ ಹೋದಳು. ನಲವತ್ತೆಂಟರ ಹೆಂಗಸು. ಅದಕ್ಕೆ ಮುಂಚೆ ಅವಳು ಕಂಡ ದೂರದೂರೆಂದರೆ ತಿರುಪತಿ. ಜಿಂಬಾಬ್ವೆಯ ಹಳ್ಳಿ ಹೆಂಗಸರಿಗೆ ಹುಳ ಮೇಯಿಸುವುದನ್ನು ಕಲಿಸಲಿಕ್ಕೆ ಒಂದು ಸಂಸ್ಥೆಯವರು ಕೋಲಾರ ಜಿಲ್ಲೆಯಲ್ಲೆಲ್ಲ ಹುಡುಕಿ ಇವಳನ್ನು ಆರಿಸಿದ್ದರು. ಪಾಸ್‌ಪೋರ್ಟ್ ಬಂದ ದಿನ ಗಂಡ ಆಂಜಿನಪ್ಪ ಅದನ್ನು ಕುರುಡುಮಲೆಗೆ ಒಯ್ದು ಗಣಪನ ಪಾದದ ಹತ್ತಿರ ಇಡಿಸಿಕೊಂಡು ಬಂದ. ಅರ್ಚಕರ ಕುಂಕುಮ ಫೋಟೋದ ಮೇಲೇ ಬಿದ್ದಿತ್ತು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಉಗುರಿನಿಂದ ಕೆರೆದು ನೋಡಿದ. ಹೆಂಗಸು ಒಬ್ಬಳೇ ವಿಮಾನ ಹತ್ತುತ್ತಾಳಂತೆ ಎಂದು ಆಡಿಕೊಂಡವರೇ ಬೀಳ್ಕೊಡಲು ಬಂದು, ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋದರು. ಊರೆಂದರೆ ಅಷ್ಟೇ.

ಅಲ್ಲಿ ಅವಳು ಸೊಪ್ಪು ಕೊಯ್ಯುವುದು, ಸುಣ್ಣ ಎರಚುವುದು, ಹುಳದ ಮನೆಗೆ ಹೋಗುವ ಮುಂಚೆ ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದುವುದು, ಎಲ್ಲ ಹೇಳಿಕೊಟ್ಟಳು. ಜೊತೆಗೆ ಇನ್ನೊಂದು ಮಾತು. ಹಾಲುರೋಗ ಕಂಡ ದಿನವೇ ಹುಳದ ಮನೆಯ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕು, ಆಮೇಲೆ ಯಾರೂ ನಿಮ್ಮಲ್ಲಿಗೆ ಬರುವುದಿಲ್ಲ, ನೀವೂ ಯಾರಲ್ಲಿಗೂ ಹೋಗಬಾರದು. ರೇಷ್ಮೆ ಇಲಾಖೆಯವರು ಪ್ರತಿ ತರಬೇತಿಯಲ್ಲೂ ಗಂಟಲು ಹರಿದುಕೊಂಡು ಹೇಳುವ ಮಾತು ಅದು. ಶ್ರೀನಿವಾಸಪುರ ತಾಲೂಕಿನಲ್ಲಿ ಯಾರಾದರೂ ಕಟ್ಟಿದ್ದನ್ನು ಮುನಿಲಕ್ಷ್ಮಿ ಕಂಡಿರಲಿಲ್ಲ. ಜಿಂಬಾಬ್ವೆಯಲ್ಲಿ ಹೇಳಿದ ಮುಂದಿನ ವಾರವೇ ತೆಂದಾಯಿ ಎಂಬ ವಿಧವೆ ತನ್ನ ಬಾಗಿಲಿಗೆ ಬಟ್ಟೆ ಕಟ್ಟಿದಳು. ಯಾರೂ ಮೂಗು ಮುರಿಯಲಿಲ್ಲ. ಪಕ್ಕದ ತೋಟದವಳು ಸೊಪ್ಪಿನ ಹೊರೆಯನ್ನು ಬೇಲಿಯ ಹತ್ತಿರ ಇಟ್ಟು ಕೂಗಿ ಹೇಳಿ ಹೋದಳು. ರೋಗ ಆ ಮನೆಯಲ್ಲೇ ಮುಗಿಯಿತು. ನೋಡಿ ಮುನಿಲಕ್ಷ್ಮಿಗೆ ಸಂತೋಷವಾಯಿತು, ಹಿಂದೆಯೇ ತನ್ನೂರು ನೆನಪಾಗಿ ಮುಖ ಬಿಸಿಯಾಯಿತು.

ನವೆಂಬರ್ ಕೊನೆಗೆ ಸುದ್ದಿ ಬಂತು. ದಕ್ಷಿಣ ಆಫ್ರಿಕಾ ಕಡೆಯ ವಿಜ್ಞಾನಿಗಳು ಕೊರೋನದ ಹೊಸ ರೂಪ ಕಂಡು ಜಗತ್ತಿಗೆ ಹೇಳಿದ್ದರು. ಹೇಳಿದ್ದೇ ತಡ, ದೊಡ್ಡ ದೊಡ್ಡ ದೇಶಗಳೆಲ್ಲ ಆ ಕಡೆಯ ವಿಮಾನಗಳಿಗೆ ಬಾಗಿಲು ಹಾಕಿಕೊಂಡವು, ಪಕ್ಕದ ಜಿಂಬಾಬ್ವೆಯನ್ನೂ ಸೇರಿಸಿ. ತೆಂದಾಯಿ ರೇಡಿಯೋ ಆರಿಸಿ, ಇಬ್ಬರಿಗೂ ಬರುವ ಹರಕು ಇಂಗ್ಲಿಷಿನಲ್ಲಿ ಹೇಳಿದಳು: "ನಾವು ಕೆಂಪು ಬಟ್ಟೆ ಕಟ್ಟಿದೆವು. ಅವರು ಬಾಗಿಲಿಗೇ ಮೊಳೆ ಹೊಡೆದರು." ಮುನಿಲಕ್ಷ್ಮಿಗೆ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಎರಡು ಟಿಕೆಟ್ ರದ್ದಾಗಿ ಮೂರನೆಯದು ಸಿಕ್ಕ ದಿನ ತೆಂದಾಯಿ ಅವಳ ಹೆಗಲಿಗೆ ಒಂದು ಬಟ್ಟೆ ಹೊದಿಸಿದಳು. ಅಲ್ಲಿ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವಂಥದ್ದು, ಕಡುಕೆಂಪು, ಮೈತುಂಬ ಕಪ್ಪು ಹಕ್ಕಿಗಳು.

ದೇವನಹಳ್ಳಿಯಲ್ಲಿ ಇಳಿದಾಗ ಮೂಗಿಗೆ ಕಡ್ಡಿ ಹಾಕಿ ನೋಡಿದರು, ಇಲ್ಲ ಎಂದು ಬಂತು. ಏಳು ದಿನ ಮನೆಯಲ್ಲೇ ಒಬ್ಬಳೇ ಇರು, ಆಮೇಲೆ ಇನ್ನೊಮ್ಮೆ ಪರೀಕ್ಷೆ ಎಂದರು. ಮುನಿಲಕ್ಷ್ಮಿಗೆ ಅದು ಕಷ್ಟವೆನಿಸಲಿಲ್ಲ. ಹುಳದ ಮನೆಯ ಮಡಿ ಗೊತ್ತಿರುವವಳು. ಆಂಜಿನಪ್ಪ ಮೊದಲೇ ಹಾಸಿಗೆ ಸುತ್ತಿಕೊಂಡು ಹುಳದ ಮನೆಗೆ ಹೋಗಿದ್ದ. ಅದು ಹಿಪ್ಪುನೇರಳೆ ತೋಟದ ಆ ತುದಿಗಿತ್ತು. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವ ಹೊತ್ತಿಗೆ ಮೇಯುವುದು ಬಿಟ್ಟು ತಲೆ ಎತ್ತಿ ಕೂರುವುದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ಆ ಜ್ವರದಿಂದೆದ್ದರೆ ಒಂದು ವಾರ ರಾಕ್ಷಸರ ಹಾಗೆ ಮೇದು ಗೂಡು ಕಟ್ಟುತ್ತವೆ. ಮುನಿಲಕ್ಷ್ಮಿ ತಾನೇ ಅಂಗಳಕ್ಕೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದು, ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಟಿವಿಯಲ್ಲಿ ಬೆಳಗಿಂದ ಸಂಜೆವರೆಗೂ ಆಫ್ರಿಕಾ, ಆಫ್ರಿಕಾ. ಎರ್ರಗುಟ್ಟಹಳ್ಳಿಗೆ ಆಫ್ರಿಕಾ ಎಂದರೆ ಒಂದೇ ಊರು, ಅಲ್ಲಿಂದ ಬಂದವಳು ಒಬ್ಬಳೇ. ಮಾರನೆಯ ಸಂಜೆ ಡೇರಿ ಅಧ್ಯಕ್ಷ ಗಂಗುಲಪ್ಪ ಇಬ್ಬರನ್ನು ಕಟ್ಟಿಕೊಂಡು ಬಂದ. ಆ ಇಬ್ಬರು ಗೆರೆಯಾಚೆ ನಿಂತರು. ಗಂಗುಲಪ್ಪ ಗೆರೆ ದಾಟಿ, ಬ್ಲೀಚಿಂಗ್ ತಟ್ಟೆಯನ್ನೂ ದಾಟಿ, ಜಗಲಿ ಮೇಲೆ ಕಿಟಕಿಗೆ ಒರಗಿಕೊಂಡು ಕೂತ. ಮಾಸ್ಕು ಗಲ್ಲಕ್ಕೆ ತೊಟ್ಟಿಲ ಹಾಗೆ ತೂಗುತ್ತಿತ್ತು.

"ನೋಡಮ್ಮ ಮುನಿಲಕ್ಷ್ಮಿ, ನಿನ್ನ ಮೇಲೆ ನಮಗೇನೂ ಕೋಪ ಇಲ್ಲ," ಎಂದ. ಕೋಪವಿರುವವರೆಲ್ಲ ಹೀಗೇ ಶುರುಮಾಡುವುದು. "ಊರಾಚೆ ನನ್ನ ಮಾವಿನ ತೋಪಲ್ಲಿ ಶೆಡ್ಡಿದೆ. ಒಂದು ತಿಂಗಳು ಅಲ್ಲಿರು. ಊಟ ಕಳಿಸ್ತೀವಿ."

"ಸರ್ಕಾರದೋರು ಮನೇಲೇ ಏಳು ದಿನ ಇರು ಅಂದಿದಾರೆ. ಇರ್ತೀನಿ. ಗೆರೆ ಎಳ್ಕೊಂಡಿದೀನಿ, ದಾಟಿರೋದು ನಾನಲ್ಲ, ನೀವು."

"ಸರ್ಕಾರಕ್ಕೇನು ಗೊತ್ತು ಊರ ಕಷ್ಟ." ಗಂಗುಲಪ್ಪ ಕೆಮ್ಮಿದ. ಗಂಟಲು ಸರಿಮಾಡಿಕೊಂಡು ಮತ್ತೆ ಕೆಮ್ಮಿದ. "ಪಾಪ, ಊರಲ್ಲಿ ಮಕ್ಕಳು ಮರಿ ಇದಾವೆ. ನೀನು ಆಫ್ರಿಕಾದ ಗಾಳಿ ತುಂಬ್ಕೊಂಡು ಬಂದಿದೀಯ."

"ಕೆಮ್ಮು ಯಾವೂರದಣ್ಣ?" ಎಂದಳು ಮುನಿಲಕ್ಷ್ಮಿ.

"ಇದು ಚಳಿದು." ಅವನು ತಾಲೂಕು ಆಫೀಸಿನಲ್ಲಿರುವ ಬಾಮೈದನಿಗೆ ಫೋನ್ ಹಚ್ಚಿ, ಅಷ್ಟು ಹೊತ್ತು ತಾನು ಬಾಯಿಗಿಟ್ಟುಕೊಂಡು ಕಿರುಚಿದ ಫೋನನ್ನು ಕಿಟಕಿ ಸರಳಿನ ನಡುವೆ ತೂರಿಸಿ, ಮಾತಾಡು ಎಂದ. ಅವಳು ಮಾತಾಡಿದಳು. ಹೋಗಲ್ಲ ಎಂಬುದನ್ನು ಅವನಿಗೂ ಅಷ್ಟೇ ಸ್ಪಷ್ಟವಾಗಿ ಹೇಳಿದಳು. ಗಂಗುಲಪ್ಪ ಕತ್ತಲಾಗುವವರೆಗೂ ಕೂತು, ಅವಳ ಮುಖದ ಮುಂದೆ ಕೆಮ್ಮಿ, ಕೊನೆಗೆ ಎದ್ದು ಪಂಚೆ ಕೊಡವಿದ.

"ನಾಳೆಯಿಂದ ನಿಮ್ಮ ಹಾಲು ಡೇರೀಲಿ ಹಾಕಿಸ್ಕೊಳ್ಳಲ್ಲ," ಎಂದ.

ಹಾಲು ನಿಂತಿತು. ಹುಳದ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಆಂಜಿನಪ್ಪ ಹಸು ಕರೆದು, ಕರುವಿಗೆ ಬಿಟ್ಟು, ಉಳಿದದ್ದನ್ನು ಬೇವಿನ ಬುಡಕ್ಕೆ ಸುರಿದ. ಸೊಪ್ಪು ಕೊಯ್ಯುತ್ತಿದ್ದ ಇಬ್ಬರು ಕೂಲಿಯವರೂ ಬಿಟ್ಟರು. ಅವನೊಬ್ಬನೇ ಕೊಯ್ದು, ಹೊತ್ತು, ಹಾಸಿ, ನಡುವೆ ಗಂಟು ಗಂಟಾದ ಮುದ್ದೆ ತೊಳಸಿ ತಿಂದು, ಫೋನಿನಲ್ಲಿ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಬೇಸರವಾದಾಗ ಅವನ ಬಾಯಿಗೆ ತೆಲುಗು ಬರುತ್ತದೆ. "ರಚ್ಚ ಗೆಲ್ಚೇಸಿ ವಚ್ಚಿನಾವು, ಇಂಕ ಇಲ್ಲು ಗೆಲ್ಚು," ಎಂದ. ಎಲ್ಲರೂ ಮನೆ ಗೆದ್ದು ಮಾರು ಗೆಲ್ಲುತ್ತಾರೆ, ಇವಳು ಮಾರು ಗೆದ್ದು ಬಂದಿದ್ದಾಳೆ, ಇನ್ನು ಮನೆ ಗೆಲ್ಲಬೇಕು ಎಂದರ್ಥ.

ನಾಲ್ಕೈದು ದಿನ ಕಳೆದಿರಬಹುದು, ಮುನಿಲಕ್ಷ್ಮಿಗೆ ಗಂಟಲಲ್ಲಿ ಮುಳ್ಳಾಡಿಸಿದ ಹಾಗಾಯಿತು. ಮೈ ಬಿಸಿ. ಆಶಾ ಕಾರ್ಯಕರ್ತೆ ಪವಿತ್ರಳಿಗೆ ತಾನೇ ಫೋನ್ ಮಾಡಿದಳು. ಪವಿತ್ರ ಬಂದು ಗೆರೆಯ ಹತ್ತಿರದ ತಟ್ಟೆಯಲ್ಲಿ ಕಾಲು ಅದ್ದಿ, ಕಡ್ಡಿ ಹಾಕಿಕೊಂಡು ಹೋದಳು. ಎರಡನೆಯ ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದು ಕಿಟಕಿಯಿಂದ ದೂರ ನಿಂತಳು.

"ಬಂದಿದೆ ಅಕ್ಕ. ಹೊಸದೋ ಹಳೇದೋ ಅಂತ ನೋಡೋಕೆ ಬೆಂಗಳೂರಿಗೆ ಕಳಿಸಿದಾರೆ, ಅದು ತಡ ಆಗುತ್ತೆ."

ಮುನಿಲಕ್ಷ್ಮಿ ಗೋಡೆಗೆ ಕೈ ಕೊಟ್ಟು ಕೂತಳು. ಹೆದರಿಕೆ ಆಯಿತು, ಸುಳ್ಳೇಕೆ. ವಿಮಾನದಲ್ಲಿ ಹತ್ತಿತೋ ಎಂದು ಯೋಚಿಸಿದಳು. ಕಿಟಕಿಯ ಸರಳನ್ನು ನೋಡಿದಳು, ಗಂಗುಲಪ್ಪ ತೂರಿಸಿದ ಫೋನು ಕಣ್ಣ ಮುಂದೆ ಬಂತು. ಯಾರಿಂದ ಯಾರಿಗೆ ಬಂತೆಂದು ವೈರಸ್ಸು ರಸೀದಿ ಕೊಡುವುದಿಲ್ಲ.

"ಊರಲ್ಲಿ ಇನ್ಯಾರಿಗೂ ಇಲ್ವಾ?" ಎಂದು ಕೇಳಿದಳು.

ಪವಿತ್ರ ಆಚೆ ಈಚೆ ನೋಡಿದಳು. "ಹೆಸರು ಹೇಳಲ್ಲ ಅಕ್ಕ, ನನ್ನ ಕೆಲಸ ಅದಲ್ಲ. ನೀನು ಬರೋಕೆ ಮುಂಚೆ ಮಾಲೂರು ಛತ್ರದಲ್ಲಿ ಮದುವೆ ಆಯ್ತಲ್ಲ, ಊರರ್ಧ ಹೋಗಿತ್ತು. ಅವತ್ತಿಂದ ಬಾಗಿಲು ಬಾಗಿಲಿಗೂ ಕೆಮ್ಮು. ಜ್ವರ ಇದೆಯಾ ಅಂತ ಕೇಳಿದ್ರೆ ಪರವಾಗಿಲ್ಲ ಅಂತಾರೆ. ಕಡ್ಡಿ ಹಾಕ್ತೀನಿ ಅಂದ್ರೆ ಬಾಗಿಲು ಹಾಕ್ತಾರೆ."

"ಪರವಾಗಿಲ್ಲ ಅಂತಾರಾ," ಎಂದಳು ಮುನಿಲಕ್ಷ್ಮಿ. ಜ್ವರದಲ್ಲೂ ಅವಳಿಗೆ ನಗು ಬಂತು.

ಆಗಲೇ ಆಂಜಿನಪ್ಪನ ಫೋನ್ ಬಂತು. ಹುಳ ಮೇವು ಕಡಿಮೆ ಮಾಡಿದ್ದವು, ಒಂದೊಂದರ ಮೈ ದ್ರಾಕ್ಷಿಯ ಹಾಗೆ ತಿಳಿಯಾಗುತ್ತಿತ್ತು. ನಾಳೆ ಹಣ್ಣಾಗುತ್ತವೆ ಎಂದ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು, ಅಂದರೆ ಸುರುಳಿ ಸುರುಳಿಯಾಗಿ ಹೆಣೆದ ಆ ಬಿದಿರಿನ ತಡಿಕೆಗೆ. ತಡವಾದರೆ ಕೊಳೆತ ಸೊಪ್ಪಿನ ಕಡ್ಡಿಗಳಲ್ಲೇ ಗೂಡು ಸುತ್ತಿಕೊಂಡು, ಆ ಗೂಡು ನೂಲಿಗೆ ಬಾರದೆ ಹಾಳಾಗುತ್ತದೆ. ಅದಕ್ಕೆ ಆ ಒಂದು ದಿನ ಮನೆತುಂಬ ಕೈ ಬೇಕು. ಊರಲ್ಲಿ ಅದಕ್ಕೆ ಮುಯ್ಯಿ ಇದೆ. ಯಾರ ಹುಳ ಹಣ್ಣಾದರೂ ಎಲ್ಲ ಮನೆಯಿಂದ ಒಬ್ಬೊಬ್ಬರು ಹೋಗುವುದು, ಕೂಲಿ ಇಲ್ಲ, ಇವತ್ತು ನಿಮ್ಮಲ್ಲಿಗೆ ನಾವು, ನಾಳೆ ನಮ್ಮಲ್ಲಿಗೆ ನೀವು. ಮುನಿಲಕ್ಷ್ಮಿ ಹೋಗದ ಮನೆ ಆ ಊರಲ್ಲಿರಲಿಲ್ಲ.

"ಒಂದೆರಡು ದಿನ ಬಾಯಿ ಮುಚ್ಕೊಂಡಿರು ಕಣೇ," ಎಂದ ಆಂಜಿನಪ್ಪ, ಅವಳಿಗೆ ಬಂದಿರುವುದನ್ನು ಕೇಳಿ. "ಪವಿತ್ರಗೂ ಹೇಳ್ತೀನಿ. ನಾಳೆಗೆ ನಿನ್ನ ಏಳು ದಿನ ಮುಗೀತು ಅಂತ ಊರಿಗೆಲ್ಲ ಗೊತ್ತು. ಪರವಾಗಿಲ್ಲ ಅಂದ್ಬಿಟ್ರೆ ಹೆಂಗಸ್ರು ಬರ್ತಾರೆ. ಹುಳ ಏರಿಸಿಬಿಡೋಣ, ಆಮೇಲೆ ಏನಾದ್ರೂ ಹೇಳ್ಕೋ."

ಅವನ ದನಿ ಒಡೆದಿತ್ತು. ವಾರವಿಡೀ ಸೊಪ್ಪು ಹೊತ್ತ ಗಂಡಸು, ಅವನ ಮಾತಲ್ಲಿ ತಪ್ಪಿರಲಿಲ್ಲ. ಊರಲ್ಲಿ ಎಲ್ಲರೂ ಮಾಡುವುದನ್ನೇ ಹೇಳಿದ್ದ. ಮುನಿಲಕ್ಷ್ಮಿ ಫೋನಿಟ್ಟು ಕತ್ತಲಾಗುವವರೆಗೂ ಯೋಚಿಸಿದಳು. ಒಂದು ಸುಳ್ಳು ಸಾಕಿತ್ತು, ಅದೂ ಇಡೀ ಊರು ದಿನಾ ಆಡುವ ಸುಳ್ಳು. ಹೇಳಿದರೆ ಬೆಳೆ ಹೋಗುತ್ತದೆ. ಹೇಳದಿದ್ದರೆ ಅಲ್ಲಿ ಹೆಂಗಸರ ಮುಂದೆ ನಿಂತು ಕಲಿಸಿದ್ದೆಲ್ಲ ಬಾಯಿಬಡುಕತನವಾಗುತ್ತದೆ. ತೆಂದಾಯಿಗೆ ಅವತ್ತು ಏನು ಉತ್ತರ ಕೊಡಬೇಕಿತ್ತೆಂದು ಈಗ ಅವಳಿಗೆ ಹೊಳೆಯಿತು. ಬಾಗಿಲಿಗೆ ಮೊಳೆ ಹೊಡೆಯುವವರು ಹೊಡೆಯಲಿ, ಬಟ್ಟೆ ಕಟ್ಟುವವರು ಕಟ್ಟುವುದನ್ನು ಬಿಡಬಾರದು.

ಪೆಟ್ಟಿಗೆಯಿಂದ ಕೆಂಪು ಬಟ್ಟೆ ತೆಗೆದಳು. ಬಾಗಿಲ ಚೌಕಟ್ಟಿಗೆ ಹೊಡೆದಿದ್ದ ತೋರಣದ ಮೊಳೆಗಳಿಗೇ ಬಿಗಿಯಾಗಿ ಕಟ್ಟಿದಳು. ರಾತ್ರಿಯ ಗಾಳಿಗೆ ಕಪ್ಪು ಹಕ್ಕಿಗಳು ರೆಕ್ಕೆ ಬಡಿದವು.

ಮಾರನೆಯ ಬೆಳಗ್ಗೆ ಊರು ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಆಡಿಸಿಕೊಂಡು ಹಿಂದಿರುಗುವ ಹೊತ್ತಿಗೆ, ಮುನಿಲಕ್ಷ್ಮಿ ಶಾಲು ಹೊದ್ದು ತಾರಸಿಯ ಮೇಲೆ ನಿಂತಿದ್ದಳು. ಕೆಳಗೆ ಬೀದಿ ಬಟ್ಟೆಯನ್ನು ನೋಡಿ ನಿಂತಿತ್ತು. ರೇಷ್ಮೆ ಊರು, ಆ ಬಟ್ಟೆಗೆ ಅರ್ಥ ಹೇಳಬೇಕಿರಲಿಲ್ಲ.

"ಎಲ್ಲಾರೂ ಕೇಳಿಸ್ಕೊಳ್ಳಿ," ಎಂದಳು. ಗಂಟಲು ಉರಿಯುತ್ತಿತ್ತು, ಆದರೂ ದನಿ ಏರಿಸಿದಳು. "ನನಗೆ ಕೊರೋನ ಬಂದಿದೆ. ಹೊಸದೋ ಹಳೇದೋ ಗೊತ್ತಿಲ್ಲ. ಅಲ್ಲಿಂದ ತಂದೆನೋ, ಇಲ್ಲೇ ಹತ್ತಿಸ್ಕೊಂಡೆನೋ, ಅದೂ ಗೊತ್ತಿಲ್ಲ. ಬಟ್ಟೆ ಕಟ್ಟಿದೀನಿ, ಕಟ್ಟಿದ್ದಕ್ಕೆ ನನಗೇನೂ ನಾಚಿಕೆ ಇಲ್ಲ. ನಾನು ಈ ಗೆರೆ ದಾಟಲ್ಲ. ನನ್ನ ಗಂಡ ನಾನು ಬಂದಾಗಿಂದ ಈ ಕಡೆ ಕಾಲಿಟ್ಟಿಲ್ಲ, ನಾನು ಹುಳದ ಮನೆ ಕಡೆ ಹೋಗಿಲ್ಲ. ಹುಳ ಹಣ್ಣಾಗಿದಾವೆ. ಮುಯ್ಯಿ ತೀರಿಸೋರು ಅಲ್ಲಿಗೆ ಹೋಗಿ, ಮನಸ್ಸಿಲ್ದೋರು ಬೇಡ. ಇನ್ನೊಂದು ಮಾತು. ನಿಮ್ಮ ಮನೇಲಿ ಜ್ವರ ಇದ್ರೆ ನೀವೂ ಒಂದು ಬಟ್ಟೆ ಕಟ್ಟಿ. ನನಗೋಸ್ಕರ ಅಲ್ಲ, ಪಕ್ಕದ ಮನೇಲಿ ಮುದುಕ್ರಿದಾರೆ, ಕೂಸುಗಳಿದಾವೆ, ಅದಕ್ಕೆ."

ಗಂಗುಲಪ್ಪ ಡೇರಿಯ ಮೆಟ್ಟಿಲಿಂದ ಕೂಗಿದ. "ಕೇಳಿದ್ರೇನ್ರೋ. ನಾನು ಅವತ್ತೇ ಹೇಳ್ಲಿಲ್ವಾ. ರೋಗ ತಂದಿದ್ದೂ ಅಲ್ದೆ ಊರಿಗೆ ಬುದ್ಧಿ ಹೇಳ್ತಾಳೆ. ಅವರ ಹುಳದ ಮನೆಗೆ ಯಾರಾದ್ರೂ ಹೋದ್ರೆ ಅವರ ಹಾಲೂ..." ಮಾತು ಮುಗಿಯುವ ಮುಂಚೆ ಕೆಮ್ಮು ಅವನನ್ನು ಹಿಡಿದು ಬಗ್ಗಿಸಿತು. ಬಸಿರನ್ನೂ ಕೆಮ್ಮನ್ನೂ ಎಷ್ಟು ದಿನ ಮುಚ್ಚಿಡಲಾದೀತು. ಅವನು ಗೋಡೆ ಹಿಡಿದು ಕೂತ. ಕೆಲವರು ಅವನನ್ನು ನೋಡಿದರು, ಕೆಲವರು ನೆಲ ನೋಡಿದರು, ಆಮೇಲೆ ಎಲ್ಲರೂ ಮನೆಗೆ ಹೋದರು.

ತಾರಸಿಯಿಂದ ಹುಳದ ಮನೆ ಕಾಣುತ್ತಿತ್ತು. ಆಂಜಿನಪ್ಪ ಚಂದ್ರಿಕೆಗಳನ್ನು ಹೊರಗೆ ಬಿಸಿಲಿಗೆ ಜೋಡಿಸಿ, ಒಳಗೆ ಹೋಗಿ, ಒಂದು ಮೊರದಷ್ಟು ಹುಳ ಆರಿಸಿ ತಂದು ಬಿಟ್ಟು, ಮತ್ತೆ ಒಳಗೆ ಓಡುತ್ತಿದ್ದ. ಒಬ್ಬನ ಕೈಯಿಂದ ಆಗುವ ಕೆಲಸವಲ್ಲ ಅದು. ಬಿಸಿಲೇರಿತು. ಯಾರೂ ಬರಲಿಲ್ಲ. ಫೋನ್ ಮಾಡಿದಾಗ ಅವನು ಎತ್ತಿ, "ಕಡ್ಡೀಲೇ ಸುತ್ಕೋತಿದಾವೆ ಕಣೇ," ಎಂದಷ್ಟೇ ಹೇಳಿ ಇಟ್ಟ. ಮುನಿಲಕ್ಷ್ಮಿಗೆ ಅಳು ಬಂತು. ದುಃಖದ ಅಳುವಲ್ಲ, ಸಿಟ್ಟಿನದು. ಈ ಊರಿನ ಒಂದೊಂದು ಹುಳದ ಮನೆಯಲ್ಲೂ ತನ್ನ ಬೆರಳು ಓಡಾಡಿದೆ, ಈಗ ತನ್ನ ಹುಳ ಬಿಸಿಲಲ್ಲಿ ಬಾಯಿಬಿಡುವಾಗ ಒಂದು ನರಪಿಳ್ಳೆ ಇಲ್ಲ. ಇಷ್ಟಾದರೂ ಬಟ್ಟೆ ಬಿಚ್ಚಲು ಅವಳ ಕೈ ಹೋಗಲಿಲ್ಲ. ಹೋದರೆ ಹೋಗಲಿ ಬೆಳೆ, ಎಂದು ಗಟ್ಟಿಯಾಗಿಯೇ ಅಂದುಕೊಂಡಳು.

ಎದುರುಮನೆ ಶಾಮಲಮ್ಮನ ಬಾಗಿಲು ತೆರೆಯಿತು. ಶಾಮಲಮ್ಮ ಅವಳ ಓರಗೆಯವಳು, ಈ ವಾರವೆಲ್ಲ ಈ ಕಡೆ ತಲೆಯೆತ್ತಿ ನೋಡದವಳು. ಕೈಯಲ್ಲಿ ಒಂದು ಕೆಂಪು ಕಣದ ಬಟ್ಟೆ. ಯಾರದೋ ಬಾಗಿನದಲ್ಲಿ ಬಂದದ್ದು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಕುರ್ಚಿ ಹಾಕಿಕೊಂಡು ಹತ್ತಿ ಬಾಗಿಲ ಮೇಲೆ ಕಟ್ಟಿದಳು. ಕಟ್ಟಿ ಇಳಿದು, ತಾರಸಿಯತ್ತ ತಿರುಗಿದಳು.

"ಮಾವನಿಗೆ ಕಣೇ. ನನಗೂ. ಮಾಲೂರಿಂದ ಬಂದಾಗಿಂದ," ಎಂದಳು. "ಮಾವ ಎರಡು ದಿನದಿಂದ ಊಟ ಮಾಡ್ತಿಲ್ಲ. ಹೇಳಿದ್ರೆ ಡೇರೀಲಿ ಹಾಲು ನಿಲ್ಲಿಸ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ನಿಲ್ಲಿಸ್ಲಿ ಬಿಡು. ಪವಿತ್ರಾಗೆ ಬರೋಕೆ ಹೇಳು."

ಆಮೇಲೆ ಓಣಿಯ ತುದಿಯ ಮನೆಗೆ ಒಂದು ಕೆಂಪು ಟವೆಲ್ ಬಂತು. ಮೇಷ್ಟ್ರ ಮನೆಗೆ ಮಗಳ ಶಾಲೆಯ ರಿಬ್ಬನ್. ಇನ್ನೊಂದು ಮನೆಗೆ ಮೆಣಸಿನಕಾಯಿ ಒಣಗಿಸುವ ಚೀಲದ ತುಂಡು. ಒಬ್ಬರು ಕೆಂಪು ಸಿಗದೆ ಕೇಸರಿ ಕಟ್ಟಿದ್ದರು, ಪರವಾಗಿಲ್ಲ ಬಿಡಿ. ಮಾಲೂರು ಮದುವೆ ಊರೊಳಗೆ ಎಲ್ಲೆಲ್ಲಿ ಕೂತಿತ್ತೆಂದು ತಾರಸಿಯಿಂದ ಒಂದೇ ನೋಟಕ್ಕೆ ಕಾಣುತ್ತಿತ್ತು. ಬಟ್ಟೆ ಇಲ್ಲದ ಮನೆಗಳೂ ಕಂಡವು, ಅವು ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದವು.

ಅಂಥ ಒಂದು ಮನೆಯಿಂದ ಕದಿರೇಶ ಹೆಂಡತಿ ಜೊತೆ ಹೊರಟ. ಇಬ್ಬರ ಮೂಗು ಬಾಯಿಗೂ ಟವೆಲ್ ಬಿಗಿದಿತ್ತು. ಮುನಿಲಕ್ಷ್ಮಿಯ ಗೆರೆಯಾಚೆ ನಿಂತು ಕದಿರೇಶ ತಲೆ ಕೆರೆದುಕೊಂಡ.

"ಎಲ್ಲಿದೆ ಅಂತ ಗೊತ್ತಿಲ್ದೆ ಎಲ್ಲಾರ್ನೂ ಕಂಡು ಹೆದರ್ತಿದ್ವಿ ಅಕ್ಕ. ಈಗ ಎಲ್ಲಿಲ್ಲ ಅಂತಾನೂ ಗೊತ್ತಾಯ್ತಲ್ಲ. ಹುಳದ ಮನೆಗೆ ಹೋಗ್ತೀವಿ."

ಅವನ ಹಿಂದೆ ಮತ್ತೆ ಕೆಲವರು ನಡೆದರು. ಬಟ್ಟೆ ಕಟ್ಟಿದವರು ಮನೆಯಲ್ಲೇ ಉಳಿದು, ಇದ್ದ ಚಂದ್ರಿಕೆಗಳನ್ನು ಬಾಗಿಲಾಚೆ ತೊಳೆದಿಟ್ಟು, ಒಯ್ಯಿರಿ ಎಂದು ಕೂಗಿದರು. ತಾರಸಿಯಿಂದ ಮುನಿಲಕ್ಷ್ಮಿ ನೋಡುತ್ತಲೇ ಇದ್ದಳು. ಹುಳದ ಮನೆಯ ಮುಂದೆ ಒಬ್ಬೊಬ್ಬರೂ ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಒಳಗೆ ಹೋದರು. ಸಂಜೆಯ ಹೊತ್ತಿಗೆ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು, ಮೇಲೆಲ್ಲ ಹುಳು ತಲೆಯಾಡಿಸುತ್ತ ಎಳೆ ಬಿಡುತ್ತಿದ್ದವು.

ಗಂಗುಲಪ್ಪನ ಮನೆಯ ಕತೆಯನ್ನೂ ಹೇಳಬೇಕು. ಮಧ್ಯಾಹ್ನ ಅವನ ಹೆಂಡತಿ ಮುನಿಶಾಮಮ್ಮ, ಬೀರುವಿನಿಂದ ಅವನ ಸನ್ಮಾನದ ಶಾಲು ತೆಗೆದಳು. ಹಾಲು ಒಕ್ಕೂಟದವರು ಹೊದಿಸಿದ್ದು, ಕೆಂಪು ಮಕಮಲ್ಲು, ಜರಿಯಂಚು. ಅದನ್ನೇ ಬಾಗಿಲಿಗೆ ಕಟ್ಟಿದಳು. ಗಂಗುಲಪ್ಪ ಎದ್ದು ಬಂದು ಬಿಚ್ಚಿದ. ಅವಳು ಮತ್ತೆ ಕಟ್ಟಿದಳು, ಈ ಸಲ ಹಸು ಕಟ್ಟುವ ಗಂಟು ಹಾಕಿ. ಕೆಮ್ಮಿ ಸುಸ್ತಾದ ಕೈಗೆ ಆ ಗಂಟು ಬಿಚ್ಚಲಿಲ್ಲ. ಜರಿ ಬಿಸಿಲಿಗೆ ಮಿಂಚುತ್ತ ಬೀದಿ ತುದಿಗೂ ಕಾಣುತ್ತಿತ್ತು.

ಶಾಮಲಮ್ಮನ ಮಾವನನ್ನು ಪವಿತ್ರ ಅವತ್ತೇ ಆಂಬುಲೆನ್ಸ್ ಕರೆಸಿ ಕೋಲಾರದ ಆಸ್ಪತ್ರೆಗೆ ಸೇರಿಸಿದಳು. ಮುದುಕ ಆಮ್ಲಜನಕದ ಮೇಲಿದ್ದು, ಸಂಕ್ರಾಂತಿಯ ಹೊತ್ತಿಗೆ ಬೈದುಕೊಂಡೇ ಮನೆಗೆ ಬಂದ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದರಂತೆ.

ಮುನಿಲಕ್ಷ್ಮಿ ಜ್ವರ ಬಿಟ್ಟು, ಪರೀಕ್ಷೆಯಲ್ಲಿ ಇಲ್ಲವೆಂದು ಬಂದ ಮೇಲೂ ಎರಡು ದಿನ ಹೆಚ್ಚಿಗೇ ಒಳಗಿದ್ದು, ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋದಳು. ಸಾಲು ಸರಿದು ಜಾಗ ಬಿಟ್ಟಿತು. ಗಂಗುಲಪ್ಪ ಮೇಜಿನ ಹಿಂದೆ ಕೂತಿದ್ದ, ಮಾಸ್ಕು ಈಗ ಮೂಗಿನ ಮೇಲಿತ್ತು. ಅಷ್ಟರಲ್ಲಿ ಪವಿತ್ರ ಫೋನ್ ಎತ್ತಿ ಹಿಡಿದು ಓಡಿಬಂದಳು.

"ಬೆಂಗಳೂರಿಂದ ಬಂತು ಅಕ್ಕ. ನಿನ್ನದು ಹೊಸದಲ್ಲ. ಹಳೇದೇ, ಬೇಸಿಗೆಯಿಂದ ಇಲ್ಲೇ ಇದ್ದಿದ್ದು. ನೀನೇನೂ ತಂದಿಲ್ಲ. ಎಲ್ಲಾರಿಗೂ ಓದಿ ಹೇಳ್ಲಾ?"

ಸಾಲಿನಲ್ಲಿ ನಿಟ್ಟುಸಿರು ಬಂತು. ಯಾರೋ, "ಅಯ್ಯೋ, ಹಳೇದೇನಾ, ಮೊದ್ಲೇ ಗೊತ್ತಿದ್ದಿದ್ರೆ," ಎಂದರು. ಮುಖಗಳೆಲ್ಲ ಹಗುರಾದವು. ಒಬ್ಬಳನ್ನು ಬೈದ ಪಾಪ ಇಷ್ಟು ಸುಲಭದಲ್ಲಿ ಕಳೆಯುವುದಾದರೆ ಯಾರಿಗೆ ಬೇಡ.

"ಓದಬೇಡ," ಎಂದಳು ಮುನಿಲಕ್ಷ್ಮಿ. "ಹೊಸದೇ ಆಗಿದ್ದಿದ್ರೆ?"

ಪವಿತ್ರ ಫೋನ್ ಕೆಳಗಿಳಿಸಿದಳು.

"ಅಲ್ಲಿಂದಲೇ ತಂದಿದ್ದಿದ್ರೆ, ನನ್ನ ಹಾಲು ಬೇವಿನ ಬುಡಕ್ಕೆ ಸುರಿಸಿದ್ದು ಸರಿಯಾಗ್ತಿತ್ತಾ? ತೋಪಿನ ಶೆಡ್ಡಿಗೆ ಕಳಿಸೋದು ಸರಿಯಾಗ್ತಿತ್ತಾ? ನಾನು ಅವತ್ತೂ ಗೆರೆ ಎಳ್ಕೊಂಡಿದ್ದೆ, ಅವತ್ತೂ ಹೇಳ್ದೆ. ಆ ಕಾಗದ ನನಗೆ ಬೇಡ ಪವಿತ್ರ. ಹಿಪ್ಪುನೇರಳೆ ಚಿಗುರಿದ ಮೇಲೆ ತೆಂದಾಯಿ ಅಂತ ಒಬ್ರು ನಮ್ಮನೆಗೆ ಬರ್ತಾರೆ, ಅಲ್ಲಿಂದಲೇ, ಬೆಳೆ ನೋಡೋಕೆ. ಅವರು ಬಂದಾಗ್ಲೂ ಯಾರೂ ಕಾಗದ ಕೇಳಬಾರದು."

ಗಂಗುಲಪ್ಪ ಪೆನ್ನು ತಿರುಗಿಸಿದ. ಅಧ್ಯಕ್ಷನಾಗಿ ಇಷ್ಟು ವರ್ಷ ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದವನಲ್ಲ, ಈಗಲೂ ಬರಲಿಲ್ಲ. ಆದರೂ ಏನಾದರೂ ಹೇಳಲೇಬೇಕಿತ್ತು, ಸಾಲು ಅವನನ್ನೇ ನೋಡುತ್ತಿತ್ತು. ಹಳೆಯ ದಾರಿ ಹಿಡಿದ.

"ಹಾಲು ಹಾಕಮ್ಮ," ಎಂದ. "ಆಗಿದ್ದಾಯ್ತು. ಅಂದಹಾಗೆ ಹುಳ ಹೇಗಾದ್ವು?"

ಪ್ರಶ್ನೆಗೆ ಊರಲ್ಲಿ ಒಂದೇ ಉತ್ತರವಿತ್ತು. ಅವಳು ಅದನ್ನು ಹೇಳಿದ್ದರೆ ಗಂಗುಲಪ್ಪ ತಲೆಯಾಡಿಸುತ್ತಿದ್ದ, ಸಾಲು ಮುಂದೆ ಸರಿಯುತ್ತಿತ್ತು, ಎಲ್ಲವೂ ಮುಗಿಯುತ್ತಿತ್ತು. ಮುನಿಲಕ್ಷ್ಮಿ ಕ್ಯಾನಿನ ಮುಚ್ಚಳ ತೆಗೆದು ಹಾಲು ಸುರಿದಳು, ನೊರೆ ಇಳಿಯುವವರೆಗೂ ಕಾದಳು.

"ಕಾಲು ಭಾಗ ಹೋಯ್ತಣ್ಣ," ಎಂದಳು. "ಕಡ್ಡೀಲೇ ಸುತ್ಕೊಂಡು ಹಾಳಾದ್ವು. ಹೊತ್ತಿಗೆ ಕೈ ಬರಲಿಲ್ಲ. ನೀವು ಹೋಗಬೇಡಿ ಅಂದಿದ್ದಕ್ಕೆ ಬರಲಿಲ್ಲ."